ಮುದುಕಿಯ ಮರಿಗಳು

ಹುಳಿತ ಮರಗೆಣಸಿನ ರಸ, ಹಸಿ ಸೌದೆಯ ಹೊಗೆ, ಕಾವಲಿಯ ಮೇಲೆ ಕೆಂಪಗಾಗುತ್ತಿರುವ ಹಿಟ್ಟು. ಇವೆಲ್ಲದರ ಅಡಿಯಲ್ಲಿ, ಹಳೆಯ ಗೋಣಿಯನ್ನು ಕೊಡವಿದಾಗ ಏಳುವಂಥ ಒಂದು ಒಣ ವಾಸನೆ. ಆ ಕೊನೆಯದು ಹಾವಿನದು. ಚಿಕ್ಕಂದಿನಲ್ಲಿ ಕಿತೇರಿಯಾ ದೊಡ್ಡಮ್ಮನ ಹಿಟ್ಟಿನ ಮನೆಗೆ ಕಾಲಿಟ್ಟ ಕೂಡಲೇ ನನ್ನ ಮೂಗು ಅದನ್ನೇ ಹುಡುಕುತ್ತಿತ್ತು. ಸಿಕ್ಕಿತೆಂದರೆ ಮುದುಕಿ ಮಾಡಿನಲ್ಲಿದ್ದಾಳೆ, ಇಲಿಗಳಿಲ್ಲ, ಹೆದರಬೇಕಾದ್ದೇನೂ ಇಲ್ಲ ಎಂದು ಅರ್ಥ.

ಮುದುಕಿ ಎಂದರೆ ದೊಡ್ಡಮ್ಮ ಸಾಕಿದ ಜಿಬೋಯಾ. ಹೆಬ್ಬಾವಿನ ಜಾತಿಯದು, ವಿಷವಿಲ್ಲ. ಇಲಿಯನ್ನು ಸುತ್ತಿ, ಹಿಸುಕಿ, ನುಂಗಿ, ಆಮೇಲೆ ವಾರಗಟ್ಟಲೆ ತಾಳೆಗರಿ ಹೊದಿಸಿದ ಮಾಡಿನ ಸಂದಿಯಲ್ಲಿ ಮಲಗಿರುತ್ತಿತ್ತು. ನಮ್ಮ ದ್ವೀಪದಲ್ಲಿ ಮನೆಗಳೆಲ್ಲ ಹೊಳೆಯಂಚಿಗೆ ಕಂಬಗಳ ಮೇಲೆ ನಿಂತಿವೆ. ಎಲ್ಲರ ಬದುಕೂ ಮರಗೆಣಸಿನ ಹಿಟ್ಟಿನಿಂದಲೇ ನಡೆಯುವುದು. ಹಿಟ್ಟಿದ್ದಲ್ಲಿ ಇಲಿ. ಹಾಗಾಗಿ ಪ್ರತಿ ಮನೆಗೂ ಒಂದು ಜಿಬೋಯಾ ಬೇಕು. ಬೆಕ್ಕು ನಮ್ಮಲ್ಲಿ ಬಾಳುವುದಿಲ್ಲ, ಮೊಸಳೆಗೆ ಹೋಗುತ್ತದೆ.

ಜಿಬೋಯಾ ಮೊಟ್ಟೆಯಿಡುವುದಿಲ್ಲ, ಮರಿಗಳನ್ನೇ ಹೆರುತ್ತದೆ. ಮುದುಕಿ ಹೆತ್ತಳೆಂದರೆ ಸುದ್ದಿ ಹೊಳೆಯುದ್ದಕ್ಕೂ ಹೋಗುತ್ತಿತ್ತು. ಆದರೆ ಮರಿಯನ್ನು ಮಾರುವಂತಿಲ್ಲ, ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಬೇಕಾದವರು ತಮ್ಮ ಒಲೆಯ ಮೇಲೆ ಬೆಂದ ಊಟವನ್ನು ಸೋರೆಬುರುಡೆಯ ಬೋಗುಣಿಯಲ್ಲಿ ತುಂಬಿ, ಎಲೆ ಮುಚ್ಚಿ, ದೋಣಿಯಲ್ಲಿ ಬಂದು, ಮೆಟ್ಟಿಲ ಮೇಲೆ ನಿಂತು ಮಾತಿಲ್ಲದೆ ನೀಡಬೇಕು. ಮನೆಯೊಡತಿ ಬೋಗುಣಿ ತೆಗೆದುಕೊಂಡರೆ ಮರಿ ಕೊಟ್ಟಂತೆ. ತೆಗೆದುಕೊಳ್ಳದಿದ್ದರೆ ಬಂದವರು ಬೋಗುಣಿಯೊಡನೆ ಹಿಂದಿರುಗಬೇಕು, ಕಾರಣ ಕೇಳಬಾರದು. ಕಿತೇರಿಯಾ ದೊಡ್ಡಮ್ಮನ ಮೆಟ್ಟಿಲ ಮೇಲೆ ಇಡೀ ದ್ವೀಪ ಹಾಗೆ ನಿಂತು ಹೋಗಿದೆ. ಅವಳು ಮಾತ್ರ ಯಾರ ಮೆಟ್ಟಿಲ ಮೇಲೂ ನಿಂತವಳಲ್ಲ. ಮುದುಕಿಯ ತಾಯಿ, ಅಜ್ಜಿ ಎಲ್ಲರೂ ಅವಳ ಮಾಡಿನಲ್ಲೇ ಹುಟ್ಟಿದವರು.

ನಾನು ಬೆಲೆಂ ಪಟ್ಟಣದ ಕಾಲೇಜು ಮುಗಿಸಿ ದ್ವೀಪದ ಶಾಲೆಗೆ ಟೀಚರಾಗಿ ಬರುವ ಹೊತ್ತಿಗೆ ಮರಿಗಳ ಆರೈಕೆ ದೊಡ್ಡಮ್ಮನ ಸೊಸೆ ಜೊವೀನಾಳ ಕೈಗೆ ಬಂದಿತ್ತು. ದೊಡ್ಡಮ್ಮನ ಒಬ್ಬನೇ ಮಗ ಅಮಾನ್ಸಿಯೊನ ಹೆಂಡತಿ ಅವಳು. ಇಪ್ಪತ್ತು ದಾಟಿರಲಿಲ್ಲ. ತಾಯಿಯಿಲ್ಲ, ಅಪ್ಪ ಮರ ಕಡಿಯುವವರ ಜೊತೆ ಎಲ್ಲಿಗೋ ಹೋದವನು ತಿರುಗಿ ಬಂದಿರಲಿಲ್ಲ. ಮನೆಯ ಅಡಿಯಲ್ಲಿ, ಬಿಸಿಲು ತಾಗದ ದಂಡೆಯಲ್ಲಿ, ನೀರಿನ ಮಡಕೆಯೊಂದನ್ನು ಹಸಿ ಮರಳಿನಲ್ಲಿ ಅರ್ಧ ಹೂತು ಮರಿಗಳನ್ನು ಅದರಲ್ಲಿ ಇಡುತ್ತಿದ್ದಳು. ಹೊತ್ತು ಹೊತ್ತಿಗೆ ಬಗ್ಗಿ ಮಡಕೆಗೆ ಕೆನ್ನೆ ಒತ್ತುವಳು. ಕೆನ್ನೆಗಿಂತ ಮಡಕೆ ಬೆಚ್ಚಗೆ ಅನ್ನಿಸಿದರೆ ಮರಳಿಗೆ ನೀರು ಚಿಮುಕಿಸುವಳು.

"ಇದೇನೇ, ಮಗುವಿಗೆ ಜ್ವರ ನೋಡಿದ ಹಾಗೆ ನೋಡ್ತೀಯಲ್ಲ?" ಎಂದು ನಾನು ನಕ್ಕಿದ್ದೆ.

"ಚಳಿ ಆದ್ರೆ ಹಾವು ಮಂಕಾಗುತ್ತೆ ಅಕ್ಕ, ಅಷ್ಟೇ. ಸೆಕೆಯಾದ್ರೆ ಸತ್ತೇ ಹೋಗುತ್ತೆ. ಮೊದ್ಲು ನೀರಿನ ಬಟ್ಟಲಲ್ಲಿ ಮುಳುಗಿ ಕೂರುತ್ತೆ. ಆಮೇಲೆ ಗೋಡೆಗೆ ಮೂಗು ಉಜ್ಜುತ್ತೆ, ದಾರಿ ಹುಡುಕುತ್ತೆ. ಆಮೇಲೆ ಬಾಯಿ ತೆಗೆಯುತ್ತೆ. ಬಾಯಿ ತೆಗೆದ್ರೆ ಮುಗೀತು ಅಂತ ಲೆಕ್ಕ." ಒಂದು ಮರಿಯನ್ನು ಬೆರಳಿಗೆ ಸುತ್ತಿಸಿಕೊಂಡು ತೋರಿಸಿದಳು. "ನೋಡು, ಕಿರುಬೆರಳಿನಷ್ಟೂ ದಪ್ಪ ಇಲ್ಲ. ಸೆಕೆ ತಡ್ಕೊಳ್ಳೋಕೆ ಇದರೊಳಗೆ ಜಾಗ ಎಲ್ಲಿದೆ?"

ಆ ತೋಳಿನ ಮೇಲೆ ಹಗ್ಗದ ಬರೆ ಇತ್ತು. ಕೇಳಿದೆ. "ಜಾರಿ ಬಿದ್ದೆ" ಎಂದಳು.

ಅಮಾನ್ಸಿಯೊ ದೋಣಿ ನಡೆಸುವವನು. ದ್ವೀಪದ ಹಿಟ್ಟನ್ನು ಬೆಲೆಂಗೆ ಒಯ್ದು, ಅಲ್ಲಿಂದ ಉಪ್ಪು, ಸೀಮೆಎಣ್ಣೆ ತರುತ್ತಿದ್ದ. ಆ ವರ್ಷ ಕಾರ್ನಿವಲ್ ಕಳೆದ ವಾರ ದೋಣಿಯ ತುಂಬ ತಗಡು ತಂದ. ನಮ್ಮ ಹೊಳೆಯಲ್ಲಿ ಅದುವರೆಗೆ ಯಾರ ಮನೆಗೂ ತಗಡಿನ ಮಾಡು ಇರಲಿಲ್ಲ. ನೋಡಲು ಎಲ್ಲರೂ ದೋಣಿ ಕಟ್ಟಿ ಬಂದರು. ಅವನು ಮೇಲೆ ಹತ್ತಿ, ಅಂಗಿ ಬಿಚ್ಚಿ, ಹಳೆಯ ಗರಿಯನ್ನು ಕಿತ್ತು ಕೆಳಗೆಸೆಯತೊಡಗಿದ. ಒಂದು ಹೊರೆ ಗರಿಯೊಂದಿಗೆ ಮುದುಕಿಯೂ ಕಿತ್ತು ಬಂದಳು. ಬಂದವಳು ಬಿದ್ದದ್ದು ಅವನ ಹೆಗಲ ಮೇಲೆ.

ಬಸುರಿ ಹಾವು, ತೋಳಿನಷ್ಟು ದಪ್ಪ. ಆಸರೆಗೆಂದು ಅವನ ಕುತ್ತಿಗೆಯನ್ನೇ ಸುತ್ತಿಕೊಂಡಿತು. ಅಮಾನ್ಸಿಯೊ ತೊಲೆಯ ಮೇಲೆ ಕುದುರೆ ಹತ್ತಿದವನಂತೆ ಕುಸಿದು, "ಅಮ್ಮಾ! ಅಮ್ಮಾ!" ಎಂದು ಕಿರುಚಿದ.

"ಲೋ, ಅಪ್ಪಿಕೊಂಡವಳು ನಿನ್ನ ಅಜ್ಜಿ ಕಣೋ, ನಮಸ್ಕಾರ ಮಾಡು!" ಎಂದು ಕೆಳಗಿನಿಂದ ಲಿಬಾನಿಯೊ ತಾತ ಕೂಗಿದ. ಮೀನು ಹಿಡಿಯುವ ಮುದುಕ, ಬಾಯಿ ಸುಮ್ಮನಿರುತ್ತಿರಲಿಲ್ಲ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕವಳು ಜೊವೀನಾ. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವನು ಹಾವನ್ನು ಬಿಡಿಸಿ ಕೆಳಗೆಸೆದು ತಾನೂ ಇಳಿದ. ಕಂಬಕ್ಕೆ ಸಿಕ್ಕಿಸಿದ್ದ ಮಚ್ಚು ಎಳೆದ. ಮುದುಕಿ ಹಲಗೆಯ ನೆಲದ ಮೇಲೆ ನಿಧಾನವಾಗಿ ಕಾವಲಿಯ ಕಡೆಗೆ ಹರಿಯುತ್ತಿದ್ದಳು. ಮೊದಲ ಏಟು ತಲೆಯ ಹಿಂದೆ ಬಿತ್ತು. ಎರಡನೆಯದು ನಡುವಿಗೆ. ಆಮೇಲಿನವು ಎಲ್ಲೆಂದರಲ್ಲಿ ಬಿದ್ದವು, ಹಲಗೆಯ ಚಕ್ಕೆಗಳು ಎದ್ದವು. ನಗುತ್ತಿದ್ದವರೆಲ್ಲ ದೋಣಿಗಳ ಕಡೆಗೆ ಸರಿದರು. ಮಚ್ಚನ್ನು ಎಸೆದು ಅವನು ಜೊವೀನಾಳ ಜಡೆ ಹಿಡಿದ. "ನಗ್ತೀಯಾ? ನಗು ಈಗ. ಜನ ನೋಡ್ಲಿ, ನಗು!" ಅವಳ ಮುಖವನ್ನು ಕಂಬಕ್ಕೆ ಬಡಿದ. ನಾನೂ ಲಿಬಾನಿಯೊ ತಾತನೂ ಅವನ ತೋಳಿಗೆ ಜೋತುಬೀಳುವ ಹೊತ್ತಿಗೆ ಅವಳ ಮುಂದಿನ ಹಲ್ಲೊಂದು ನೆಲದ ಮೇಲಿತ್ತು.

ದೊಡ್ಡಮ್ಮ ಕಾವಲಿಯ ಮುಂದೆ ಹಿಟ್ಟು ಮಗುಚುತ್ತ ಇದ್ದಳು. ಮಗುಚುವ ಕೋಲು ನಿಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಮುಖ ತಿರುಗಿಸದೆ ಹೇಳಿದಳು: "ಹೊಟ್ಟೆಯೊಳಗೆ ಜೀವ ಆಡ್ತಿದೆ. ತೆಗಿ."

ಜೊವೀನಾ ರಕ್ತ ಉಗಿದು, ಮಂಡಿಯೂರಿ, ಸೀಳಿದ ಹೊಟ್ಟೆಯೊಳಗೆ ಕೈ ಹಾಕಿದಳು. ತೆಳುವಾದ ಚೀಲಗಳಲ್ಲಿ ಸುತ್ತಿಕೊಂಡಿದ್ದ ಮರಿಗಳನ್ನು ಒಂದೊಂದಾಗಿ ತೆಗೆದು, ಉಗುರಿನಿಂದ ಚೀಲ ಹರಿದು, ಲಂಗದಲ್ಲಿ ಹಾಕಿಕೊಂಡಳು. ಕೆಲವು ಮಚ್ಚಿಗೆ ಸಿಕ್ಕಿದ್ದವು. ಒಂದು ಡಜನ್ನಿಗಿಂತ ಹೆಚ್ಚು ಉಸಿರಾಡಿದವು.

"ಈ ವಂಶ ಇಲ್ಲಿಗೆ ನಿಂತ್ರೆ ಈ ಮನೆಗೆ ಬೆಲೆ ಇಲ್ಲ" ಎಂದಳು ದೊಡ್ಡಮ್ಮ. "ಇವು ಉಳಿದ್ರೆ ನೀನೂ ಇಲ್ಲಿ ಉಳಿದೆ. ಇಲ್ಲಾಂದ್ರೆ ಬಂದ ದಾರಿ ಹಿಡಿ."

"ಕೊಂದವರು ನಿಮ್ಮ ಮಗ, ಅತ್ತೆ."

"ನಕ್ಕವಳು ನೀನು."

ಜೊವೀನಾಳಿಗೆ ಹಿಡಿಯಲು ಯಾವ ದಾರಿಯೂ ಇರಲಿಲ್ಲ. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ನಾನು ಹೊರಡುವಾಗ ನೋಡಿದೆ. ಮರಿಗಳ ಮಡಕೆಯ ಪಕ್ಕದಲ್ಲಿ ಯಾರೋ ಉಪ್ಪು ಹಾಕಿದ ಬೆಚ್ಚನೆ ನೀರಿನ ಲೋಟವೊಂದನ್ನು ಇಟ್ಟಿದ್ದರು, ಬಾಯಿ ಮುಕ್ಕಳಿಸಲು. ಆ ಮನೆಯಲ್ಲಿ ಆಗ ಒಲೆಯ ಬಳಿ ಇದ್ದವಳು ಒಬ್ಬಳೇ.

ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ದೊಡ್ಡ ನೀರು ಬರುತ್ತದೆ. ಸಮುದ್ರದ ಉಬ್ಬರ ಹೊಳೆಯನ್ನು ಹಿಂದಕ್ಕೆ ತಳ್ಳಿ, ನೀರು ದಂಡೆ ದಾಟಿ, ಮನೆಯ ಹಲಗೆಯವರೆಗೆ ಏರುತ್ತದೆ. ಆ ದಿನಗಳಲ್ಲಿ ಬೆಲೆಯುಳ್ಳದ್ದೆಲ್ಲ ಮಾಡಿನ ತೊಲೆಗೆ ಹೋಗಬೇಕು: ಬೀಜ, ಬೆಂಕಿಪೆಟ್ಟಿಗೆ, ಸಂತನ ಪಟ, ತೊಟ್ಟಿಲ ಮಗು, ಹಾವಿನ ಮರಿ. ಅಜ್ಜಂದಿರ ಕಾಲದಿಂದ ಹಾಗೆಯೇ. ಗರಿಯ ಮಾಡಿನಡಿಯಲ್ಲಿ ಯಾವಾಗಲೂ ಗಾಳಿ ಆಡುತ್ತಿತ್ತು. ಅಲ್ಲಿ ತೂಗುಹಾಕಿದ್ದು ತಣ್ಣಗೆ ಇರುತ್ತಿತ್ತು.

ಶಾಲೆಯ ಅಂಗಳ ಮುಳುಗಿದ್ದರಿಂದ ನಾನು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವಳ ಹಿಟ್ಟಿನ ಮನೆಯ ಕಂಬಗಳು ಎಲ್ಲರಿಗಿಂತ ಎತ್ತರ. ಅಕ್ಕಪಕ್ಕದ ಮನೆಗಳವರೂ ಬಂದು ಸೇರಿದ್ದರು. ಬೆಳಿಗ್ಗೆಯೆಲ್ಲ ಮಳೆ ತಗಡಿನ ಮೇಲೆ ಹೊಯ್ದು ಮಾತು ಕೇಳಿಸದಂತಾಗಿತ್ತು. ಅಮಾನ್ಸಿಯೊ ಖುಷಿಯಲ್ಲಿದ್ದ. ಒಂದು ಹನಿಯೂ ಸೋರಲಿಲ್ಲ ನೋಡಿ ಎಂದು ಬಂದವರಿಗೆಲ್ಲ ಕಶಾಸ ಎಂಬ ಕಬ್ಬಿನ ಸಾರಾಯಿ ಹೊಯ್ದು ಕೊಡುತ್ತಿದ್ದ. ಮರಿಗಳನ್ನು ಮಡಕೆಯಿಂದ ಬಿದಿರ ಬುಟ್ಟಿಗೆ ಹಾಕಿಸಿ, ಬುಟ್ಟಿಯ ಬಾಯಿ ಹೊಲಿಸಿ, ಏಣಿ ಹತ್ತಿ ತಾನೇ ನಡುತೊಲೆಗೆ ಕಟ್ಟಿದ.

ಮಳೆ ಫಕ್ಕನೆ ನಿಂತಿತು. ಮೋಡ ಸೀಳಿ ಸೂರ್ಯ ನೆತ್ತಿಯ ಮೇಲೆ ಬಂದ. ಸ್ವಲ್ಪ ಹೊತ್ತಿಗೆ ತಗಡು ಟಕ್ ಟಕ್ ಎನ್ನತೊಡಗಿತು. ಕೆಳಗೆ ಕುಳಿತವರ ಬೆನ್ನ ಮೇಲೆ ಬೆವರು ಇಳಿಯಿತು. ಜೊವೀನಾ ಒಂದೇ ಸಮನೆ ಮೇಲೆ ನೋಡುತ್ತಿದ್ದಳು.

"ಬುಟ್ಟಿ ಕೆಳಗಿಳಿಸಿ" ಎಂದಳು. "ಹಿಟ್ಟಿನ ಚೀಲಗಳ ಮೇಲೆ ಮಡಕೆ ಇಟ್ಟು ಒದ್ದೆ ಬಟ್ಟೆ ಹೊದಿಸ್ತೀನಿ. ಅಲ್ಲಿಗೂ ನೀರು ಬರಲ್ಲ."

"ಅದು ಇರಬೇಕಾದ ಜಾಗದಲ್ಲೇ ಇದೆ" ಎಂದ ಅಮಾನ್ಸಿಯೊ.

"ಅದು ಗರಿ ಇದ್ದಾಗಿನ ಮಾತು. ಗರಿ ಉಸಿರಾಡ್ತಿತ್ತು. ಇದು ಕಾವಲಿ ಇದ್ದ ಹಾಗೆ ಇದೆ. ಕೈ ಎತ್ತಿ ನೋಡಿ ಬೇಕಾದ್ರೆ."

"ಏನಂದೆ? ನನ್ನ ಮಾಡು ಕಾವಲಿನಾ?"

ಲಿಬಾನಿಯೊ ತಾತ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತೇನೋ. "ಅವಳು ಹೇಳೋದು ಖರೆ ಬಿಡೋ. ಇನ್ನು ಮೇಲೆ ನಿಮ್ಮನೇಗೆ ಸೌದೆ ಬೇಡ. ಮೀನನ್ನ ಮೇಲಕ್ಕೆ ಎಸೆದ್ರೆ ಹುರಿದು ಕೆಳಗೆ ಬೀಳುತ್ತೆ!" ಜನ ನಕ್ಕರು. ಈ ಸಲ ಜೊವೀನಾ ನಗಲಿಲ್ಲ. ಅಮಾನ್ಸಿಯೊ ಎದ್ದು, ಏಣಿಯನ್ನು ತೆಗೆದು ಹೊಳೆಗೆ ಎಸೆದ. ಪ್ರವಾಹ ಅದನ್ನು ಒಯ್ಯಿತು.

"ಇನ್ಯಾರು ಹತ್ತುತ್ತೀರಿ ಹತ್ತಿ" ಎಂದು ಮಚ್ಚನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.

ಬುಟ್ಟಿ ಅಲುಗತೊಡಗಿತು. ಗಾಳಿ ಇರಲಿಲ್ಲ. ಬಿದಿರ ಸಂದುಗಳಲ್ಲಿ ಸಣ್ಣ ಸಣ್ಣ ಮೂಗುಗಳು ಒತ್ತುತ್ತಿದ್ದವು, ಮರೆಯಾಗುತ್ತಿದ್ದವು, ಬೇರೆ ಕಡೆ ಒತ್ತುತ್ತಿದ್ದವು. ಜೊವೀನಾ ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ ಉಂಡೆ ಮಾಡಿ ಮೇಲಕ್ಕೆ ಎಸೆದಳು. ಅದು ಬುಟ್ಟಿಗೆ ತಾಗಿ ಅವನ ಕಾಲ ಬಳಿ ಬಿತ್ತು. ಇನ್ನೊಮ್ಮೆ ಎಸೆಯಲು ಬಗ್ಗಿದವಳ ಬೆನ್ನಿಗೆ ಅವನು ದೋಣಿಯ ಹುಟ್ಟಿನಿಂದ ಹೊಡೆದ. ಹುಟ್ಟಿನ ಅಲಗು ಮುರಿಯಿತು. ಯಾರೋ ಹೆಂಗಸು ಮಕ್ಕಳ ಕಣ್ಣು ಮುಚ್ಚಿದಳು. ನಾನು ನಡುವೆ ಹೋದೆ. ಮೊಣಕೈಯಿಂದ ನೂಕಿದ, ಗೋಡೆಗೆ ಹೋಗಿ ಬಿದ್ದೆ.

ಮೇಲಿನ ಅಲುಗಾಟ ನಿಧಾನವಾಯಿತು. ಬುಟ್ಟಿಯ ಅಡಿಯ ಸಂದಿಯಿಂದ ಒಂದು ಮರಿಯ ತಲೆ ಹೊರಗೆ ಬಂದು ತೂಗಾಡಿತು. ಬಾಯಿ ಅಗಲವಾಗಿ ತೆರೆದಿತ್ತು. ಒಳಗಿನ ಗುಲಾಬಿ ಬಣ್ಣ ಕೆಳಗೆ ನಿಂತವರಿಗೂ ಕಾಣುತ್ತಿತ್ತು.

ಜೊವೀನಾ ನೆಲದಿಂದ ಎದ್ದಳು. ಹಿಟ್ಟಿನ ಚೀಲಗಳ ರಾಶಿಯ ಕಡೆಗೆ ಓಡಿದಳು. ರಾಶಿ ಎತ್ತರ, ಮೊದಲ ಚೀಲವೇ ಅವಳ ಎದೆಮಟ್ಟಕ್ಕಿತ್ತು. ಆಗ ಕಾವಲಿಯ ಮುಂದೆ ಕುಳಿತಿದ್ದ ದೊಡ್ಡಮ್ಮ, ತಲೆಯೆತ್ತದೆ, ಕೈಯ ಕೆಲಸ ಬಿಡದೆ, ಕಾಲಿನಿಂದ ತನ್ನ ಪಕ್ಕದ ಮರದ ಪೀಠವನ್ನು ತಳ್ಳಿದಳು. ಅದು ಹಲಗೆಯ ಮೇಲೆ ಜಾರಿ ಸರಿಯಾಗಿ ಚೀಲಗಳ ಬುಡಕ್ಕೆ ಬಂದು ನಿಂತಿತು. ಆ ಗಲಾಟೆಯಲ್ಲಿ ಅದನ್ನು ಕಂಡವರು ಜೊವೀನಾ ಮತ್ತು ನಾನು ಮಾತ್ರ ಎಂದು ಕಾಣುತ್ತದೆ.

ಅವಳು ಪೀಠ ಮೆಟ್ಟಿ ಚೀಲ ಹತ್ತಿದಳು. ತೊಲೆಗೆ ಜೋತು ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಅಮಾನ್ಸಿಯೊ ಅವಳ ಕಾಲು ಹಿಡಿದು ಎಳೆಯುವುದಕ್ಕೂ ಗಂಟು ಬಿಚ್ಚುವುದಕ್ಕೂ ಸರಿಹೋಯಿತು. ಇಬ್ಬರೂ ಬುಟ್ಟಿಯೂ ಒಟ್ಟಿಗೆ ಕೆಳಗೆ ಬಂದವು. ಬುಟ್ಟಿ ಸೀಳಿತು. ಮರಿಗಳು ಹಲಗೆಯ ಮೇಲೆ ಚೆಲ್ಲಿದವು, ದಾರದ ಉಂಡೆ ಬಿಚ್ಚಿಕೊಂಡಂತೆ. ಬಹಳಷ್ಟು ಅಲುಗಲಿಲ್ಲ.

"ಇವಕ್ಕೋಸ್ಕರ ನನ್ನ ಮರ್ಯಾದೆ ತೆಗೀತೀಯಾ? ಇವಕ್ಕೋಸ್ಕರ?" ಅವನು ಹಿಮ್ಮಡಿಯಿಂದ ತುಳಿಯತೊಡಗಿದ. ಒಂದು. ಇನ್ನೊಂದು. ಜೊವೀನಾ ಮರಿಗಳ ಮೇಲೆ ಬೋರಲು ಬಿದ್ದು ತನ್ನ ಮೈಯನ್ನೇ ಅಡ್ಡ ಹಿಡಿದಳು. ಅವನು ಅವಳ ಪಕ್ಕೆಗೆ ಒದ್ದ. ಆಮೇಲೆ ಮಚ್ಚು ಎತ್ತಿದ. ಅವಳು ಎಡಗೈ ಎತ್ತಿ ತಡೆದಳು.

ಎರಡು ಬೆರಳು ಹೋದವು. ಕಿರುಬೆರಳು ಮತ್ತು ಪಕ್ಕದ್ದು. ಅವು ಮರಿಗಳ ನಡುವೆ ಬಿದ್ದಾಗ ಯಾವುದು ಯಾವುದೆಂದು ಒಂದು ಗಳಿಗೆ ತಿಳಿಯಲಿಲ್ಲ.

ಜೊವೀನಾ ಎದ್ದು ನಿಂತು, ಬಲಗೈಯನ್ನು ಹಿಂದಕ್ಕೆ ಚಾಚಿದಳು. ಕಾವಲಿಗೆ ಒರಗಿಸಿದ್ದ ಹಿಟ್ಟು ಮಗುಚುವ ಕೋಲು ಸಿಕ್ಕಿತು. ಆಳೆತ್ತರದ ಗಟ್ಟಿ ಮರ, ತುದಿಗೆ ಅಡ್ಡಹಲಗೆ, ಅಂಟಿಕೊಂಡ ಬಿಸಿ ಹಿಟ್ಟು. ಬೀಸಿ ಹೊಡೆದಳು. ಅವನ ಮಣಿಕಟ್ಟು ಮುರಿದ ಸದ್ದು ಒಣಕಟ್ಟಿಗೆ ಮುರಿದಂತಿತ್ತು. ಮಚ್ಚು ಬಿತ್ತು. ಎರಡನೆಯ ಏಟು ಬಾಯಿಗೆ. "ಇದು ನನ್ನ ಹಲ್ಲಿಗೆ!" ಎಂದಳು. ಅವನು ಹಿಂದೆ ಹಿಂದೆ ಸರಿದ. "ಇದು ಮುದುಕಿಗೆ!" ಮೂರನೆಯದಕ್ಕೆ ಅವನ ಹಿಂದೆ ನೆಲ ಇರಲಿಲ್ಲ, ದೊಡ್ಡ ನೀರಿನೊಳಗೆ ಮಗುಚಿ ಬಿದ್ದ. ಗಂಡಸರು ಕೂದಲು ಹಿಡಿದು ದೋಣಿಗೆಳೆದರು. ಅವನು ರಕ್ತವನ್ನೂ ನೀರನ್ನೂ ಕಾರುತ್ತ ಅಲ್ಲಿಯೇ ಬಿದ್ದುಕೊಂಡ.

ಲಿಬಾನಿಯೊ ತಾತ ಅಳುತ್ತಿದ್ದ. ಅಳುತ್ತಲೇ ಮರಿಗಳನ್ನು ಬೊಗಸೆಯಲ್ಲಿ ಬಾಚಿಕೊಂಡು ಹೊಳೆಯ ಕಡೆಗೆ ನಡೆದ. "ಪಾಪ, ಬೆಂದು ಹೋಗಿವೆ. ತಣ್ಣೀರಲ್ಲಿ ಅದ್ದಿಬಿಡ್ತೀನಿ."

"ಬೇಡ ತಾತ!" ಜೊವೀನಾ ಚೀರಿದಳು. "ಒಂದೇ ಸಲಕ್ಕೆ ತಣ್ಣೀರಿಗೆ ಹಾಕಿದ್ರೆ ಎದೆ ನಿಂತು ಹೋಗುತ್ತೆ! ನೆರಳಲ್ಲಿ ಇಡಿ. ನಿಧಾನ. ನಿಧಾನ."

ಕೋಲು ಕೈಬಿಟ್ಟು ಅವಳು ಕುಸಿದು ಕುಳಿತಳು. ನಾನು ಅವಳ ಕೈಗೆ ಬಟ್ಟೆ ಬಿಗಿದೆ. ಅವಳು ಆ ಕಡೆ ನೋಡಲೇ ಇಲ್ಲ. ತಾತ ತನ್ನ ಬೆವರಿನಿಂದ ಒದ್ದೆಯಾದ ಅಂಗಿಯನ್ನು ಬಿಚ್ಚಿ ಮಡಕೆಯೊಳಗೆ ಹಾಸಿದ. ಮರಿಗಳನ್ನು ಅದರ ಮೇಲೆ ಇಟ್ಟು, ಕಿಟಕಿಯ ಬಳಿ ಗಾಳಿಗೆ ಹಿಡಿದು, ಬೆರಳಿನಿಂದ ಒಂದೊಂದೇ ಹನಿ ನೀರನ್ನು ಬಾಯಿಗೆ ತಾಗಿಸಿದೆವು. ಮೊದಲು ಒಂದರ ಬಾಲ ಅಲುಗಿತು. ತುಂಬಾ ಹೊತ್ತು ಬೇರೇನೂ ಆಗಲಿಲ್ಲ. ಆಮೇಲೆ ಇನ್ನೊಂದು ಬಾಯಿ ಮುಚ್ಚಿತು. ಸಂಜೆ ನೀರು ಇಳಿಯುವಾಗ ಎಣಿಸಿದೆವು, ಆರು ಉಳಿದಿದ್ದವು.

"ಆರು ಉಳಿದಿವೆ, ಅತ್ತೆ" ಎಂದಳು ಜೊವೀನಾ. "ಆದ್ರೆ ನಾನು ಇಲ್ಲಿ ಉಳಿಯಲ್ಲ. ಇವನ್ನೂ ಇಲ್ಲಿ ಬಿಡಲ್ಲ."

ದೊಡ್ಡಮ್ಮ ದೋಣಿಯಲ್ಲಿ ನರಳುತ್ತಿದ್ದ ಮಗನನ್ನು ನೋಡಿದಳು, ಮಡಕೆಯನ್ನು ನೋಡಿದಳು, ಮೇಲೆ ತಗಡನ್ನು ನೋಡಿದಳು. ಮಡಕೆ ಅವಳದು. ಕೊಡು ಎಂದು ಕೇಳಬಹುದಿತ್ತು, ಕೇಳಲಿಲ್ಲ.

ಜೊವೀನಾಳನ್ನು ನನ್ನ ದೋಣಿಯಲ್ಲಿ ಕೂರಿಸಿಕೊಂಡು ಶಾಲೆಗೆ ಕರೆತಂದೆ. ಶಾಲೆಯ ಹಿಂದಿನ ಕೋಣೆ ನನ್ನ ಮನೆ. ಮಾಡು ಗರಿಯದು. ಕೈ ಕೀವು ಕಟ್ಟಿ ಜ್ವರ ಏರಿದಾಗಲೂ ಅವಳು ತೆವಳಿ ಹೋಗಿ ಮಡಕೆಗೆ ಕೆನ್ನೆ ಒತ್ತಿ ಬರುತ್ತಿದ್ದಳು. ಒಂದು ಮರಿಯ ಬೆನ್ನಿನ ಮೇಲೆ ತಗಡಿನ ಕಾವು ತಾಗಿ ಬಿಳಿಯ ಕಲೆ ಉಳಿಯಿತು. ಪೊರೆ ಬಿಟ್ಟರೂ ಆ ಕಲೆ ಹೋಗಲಿಲ್ಲ.

ಜೂನ್ ಕೊನೆಯ ಸಂತ ಜೊವಾನನ ಹಬ್ಬದ ಮಧ್ಯಾಹ್ನ ಅಮಾನ್ಸಿಯೊ ಬಂದ. ಮಣಿಕಟ್ಟು ಸೊಟ್ಟಗೆ ಕೂಡಿತ್ತು, ಮಚ್ಚು ಎಡಗೈಯಲ್ಲಿತ್ತು. ಕುಡಿದಿದ್ದ. ದೋಣಿ ಕಟ್ಟುವ ಗೂಟ ಕಡಿದ, ಮೆಟ್ಟಿಲುಗಳನ್ನು ಕಡಿಯತೊಡಗಿದ. "ಹೊರಗೆ ಬಾರೆ! ನಿನ್ನನ್ನೂ ಹಾವಿನ ಥರ ತುಂಡು ಮಾಡ್ತೀನಿ! ಮೇಷ್ಟ್ರಮ್ಮನ ಸೆರಗಿನ ಹಿಂದೆ ಎಷ್ಟು ದಿನ ಅಡಗ್ತೀಯ?"

ಜೊವೀನಾ ಮೀನಿನ ಭರ್ಜಿ ಹಿಡಿದು ಬಾಗಿಲಿಗೆ ಬಂದಳು. "ಅಡಗಿಲ್ಲ. ಬಾ. ಎರಡು ಬೆರಳು ನಿನಗೆ ಕೊಟ್ಟಿದ್ದೀನಿ, ಉಳಿದ ಮೂರು ಸಾಕು ಇದನ್ನ ಹಿಡಿಯೋಕೆ."

ಅವನು ಮುರಿದ ಮೆಟ್ಟಿಲ ಮೇಲೆ ಕಾಲಿಟ್ಟ. ಅವಳು ತೊಡೆಗೆ ಚುಚ್ಚಿದಳು. ಭರ್ಜಿಗೆ ಹಿಮ್ಮುಳ್ಳು ಇರುತ್ತದೆ. ಒಳಹೋಗುವಷ್ಟು ಸುಲಭವಾಗಿ ಹೊರಬರುವುದಿಲ್ಲ. ಅವನ ಕೂಗಿಗೆ ಹೊಳೆಯ ಆಚೆಯ ದಂಡೆಯ ಹಕ್ಕಿಗಳು ಎದ್ದವು. "ಎಳೀಬೇಡವೇ! ಎಳೀಬೇಡ!" ಎಂದು ಬೇಡಿಕೊಂಡ. ಅವಳು ಎಳೆಯಲಿಲ್ಲ. ಅವನ ಕೈಯಿಂದ ಬಿದ್ದ ಮಚ್ಚಿನಿಂದ ಹಿಡಿಯನ್ನು ಕತ್ತರಿಸಿ, ಮೊನೆಯನ್ನು ಅವನಲ್ಲೇ ಬಿಟ್ಟಳು.

ಲಿಬಾನಿಯೊ ತಾತ ಅವನನ್ನು ತನ್ನ ದೋಣಿಗೆ ಹಾಕಿಕೊಂಡ, ವೈದ್ಯರಿರುವ ಊರಿಗೆ ಒಯ್ಯಲು. ಹೊರಡುವ ಮುಂಚೆ ತನ್ನ ಹುಲ್ಲಿನ ಟೋಪಿ ತೆಗೆದು, ಬಿಸಿಲು ಬೀಳದಿರಲೆಂದು ಅವನ ಮುಖದ ಮೇಲೆ ಇಟ್ಟ. "ಸಾಯಬೇಡ್ವೋ ಕತ್ತೆ" ಎಂದ, "ನಿನ್ನನ್ನ ಆಡಿಕೊಳ್ಳದೆ ನಾನು ಬದುಕೋದು ಹೇಗೆ?" ಅಮಾನ್ಸಿಯೊ ಸಾಯಲಿಲ್ಲ. ಗಾಯ ಮಾಗಿದ ಮೇಲೆ ಬೆಲೆಂನಿಂದ ಯಾವುದೋ ದೊಡ್ಡ ಹಡಗು ಹತ್ತಿದನಂತೆ. ಮತ್ತೆ ನಾವು ಅವನನ್ನು ನೋಡಲಿಲ್ಲ.

ಜುಲೈಯಲ್ಲಿ ನಮ್ಮ ಬೇಸಿಗೆ ಶುರುವಾದಾಗ ದೊಡ್ಡಮ್ಮನ ಹಿಟ್ಟಿನ ಮನೆಗೆ ಇಲಿಗಳು ಬಂದವು. ಮೊದಲು ಮೂಲೆಯ ಚೀಲ ಕೊರೆದವು. ಆಮೇಲೆ ಹಗಲಿನಲ್ಲೇ ತೊಲೆಯ ಮೇಲೆ ಓಡಾಡಿದವು. ಹಿಟ್ಟಿನಲ್ಲಿ ಹಿಕ್ಕೆ ಸಿಕ್ಕಿತೆಂದು ವ್ಯಾಪಾರಿಗಳು ಅವಳ ಚೀಲವನ್ನು ಬೇರೆ ಇಟ್ಟರು. ಮಲಗಿದ್ದವಳ ಕಿವಿ ಕಚ್ಚಿವೆ ಎಂದೂ ಯಾರೋ ಹೇಳಿದರು. ಜೊವೀನಾ ಕೇಳಿಸಿಕೊಂಡು, ಮರಳಿಗೆ ನೀರು ಚಿಮುಕಿಸಲು ಎದ್ದು ಹೋದಳು.

ನಮ್ಮ ಮೆಟ್ಟಿಲಿಗೆ ಜನ ಬೋಗುಣಿ ಹಿಡಿದು ಬರತೊಡಗಿದ್ದರು. ಮೊದಲು ಬಂದವನು ಲಿಬಾನಿಯೊ ತಾತ. ಹಿಟ್ಟು ಮಾಡದ ಅವನಿಗೆ ಹಾವು ಯಾಕೆ ಬೇಕಿತ್ತೋ! ಮಾತಾಡಬಾರದೆಂಬ ಕಟ್ಟಳೆಯಿಂದ ತುಟಿ ಬಿಗಿದು ನಿಂತ ಅವನ ಪಾಡು ನೋಡಿಯೇ ಜೊವೀನಾ, ಹಲ್ಲಿಲ್ಲದ ಜಾಗ ಕಾಣುವಂತೆ, ತಿಂಗಳುಗಳ ಮೇಲೆ ಮೊದಲ ಸಲ ನಕ್ಕಳು. ಒಂದೊಂದಾಗಿ ನಾಲ್ಕು ಮರಿಗಳು ಹೋದವು. ಎರಡು ಹೆಣ್ಣುಗಳನ್ನು ಅವಳು ಇಟ್ಟುಕೊಂಡಳು. ಬೆನ್ನಿನ ಮೇಲೆ ಕಲೆಯಿದ್ದದ್ದು ಅವುಗಳಲ್ಲಿ ಒಂದು. ಆಮೇಲೆ ಬಂದ ಬೋಗುಣಿಗಳನ್ನು ಅವಳು ಮುಟ್ಟಲಿಲ್ಲ. "ಇವು ಯಾರಿಗೂ ಇಲ್ಲ ಅಕ್ಕ. ಇವು ನನಗೆ ಮನೆ" ಎಂದಿದ್ದಳು.

ಮಳೆ ಮತ್ತೆ ಶುರುವಾಗುವ ಮುಂಚೆ, ಬಿಸಿಲು ಇನ್ನೂ ಚುರುಗುಟ್ಟುತ್ತಿದ್ದ ಒಂದು ಹಗಲು, ಒಂದು ದೋಣಿ ನಿಧಾನವಾಗಿ ನಮ್ಮ ದಂಡೆಗೆ ಬಂತು. ಹುಟ್ಟು ಹಾಕುತ್ತಿದ್ದವಳು ದೊಡ್ಡಮ್ಮ. ಅವಳು ಸ್ವತಃ ಹುಟ್ಟು ಹಿಡಿದದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಕಟ್ಟಲು ಗೂಟವಿಲ್ಲದೆ ಹಗ್ಗವನ್ನು ಬೇರಿಗೆ ಸುತ್ತಿದಳು. ಮಗ ಕಡಿದುಹೋದ ಮೆಟ್ಟಿಲುಗಳನ್ನು ನೋಡಿ, ಎಲ್ಲಿ ಕಾಲಿಡಬಹುದೆಂದು ಹುಡುಕಿ ಹುಡುಕಿ ಹತ್ತಿದಳು.

ಜೊವೀನಾ ಬಾಗಿಲಲ್ಲಿ ನಿಂತಿದ್ದಳು. ಕೆಳಗಿಳಿಯಲಿಲ್ಲ, ಒಳಗೂ ಹೋಗಲಿಲ್ಲ.

ದೊಡ್ಡಮ್ಮನ ಕಿವಿಯ ತುದಿ ಹರಿದಿತ್ತು. ಕೈಗಳ ತುಂಬ ಸಣ್ಣ ಸಣ್ಣ ಹೊಸ ಗಾಯಗಳು, ತಗಡಿನ ಅಂಚು ಕೊಯ್ದಂಥವು. ನರೆತ ಕೂದಲಿನಲ್ಲಿ ಹಸಿರು ಗರಿಯ ಚೂರುಗಳು ಸಿಕ್ಕಿಕೊಂಡಿದ್ದವು, ಈಗಷ್ಟೇ ಮಾಡು ಹೊದಿಸಿ ಬಂದವರ ತಲೆಯಲ್ಲಿ ಇರುವಂತೆ.

ಅವಳು ತಂದ ಬೋಗುಣಿಯ ಮೇಲಿನ ಎಲೆ ದಾರಿಯಲ್ಲಿ ಸ್ವಲ್ಪ ಸರಿದಿತ್ತು. ಹೊಸ ಹಿಟ್ಟು, ಗಟ್ಟಿಯಾದ ಅಸಾಯಿ ಹಣ್ಣಿನ ರಸ, ಅದರ ಮೇಲೆ ಹುರಿದ ಮೀನಿನ ಹೊಟ್ಟೆಯ ತುಂಡು. ಆ ಮನೆಯಲ್ಲಿ ಆ ತುಂಡು ಯಾವತ್ತೂ ಮಗನ ತಟ್ಟೆಗೆ ಹೋಗುತ್ತಿತ್ತು.

ದೊಡ್ಡಮ್ಮ ಎಲೆಯನ್ನು ಸರಿಯಾಗಿ ಮುಚ್ಚಿದಳು. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಬಿಸಿಲು ಅವಳ ನೆತ್ತಿಯ ಮೇಲೆ ಬೀಳುತ್ತಿತ್ತು. ಜೊವೀನಾ ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ನೆರಳಿಗೆ ಜಾಗ ಮಾಡಿಕೊಟ್ಟಳು. ದೊಡ್ಡಮ್ಮ ಒಂದು ಹೆಜ್ಜೆ ಒಳಗೆ ಬಂದಳು. ಮೂರು ಬೆರಳಿನ ಕೈಯೂ ಐದು ಬೆರಳಿನ ಕೈಯೂ ಮುಂದೆ ಬಂದಾಗ, ಅವಳು ಬೋಗುಣಿಯನ್ನು ಅವುಗಳ ಮೇಲೆ ಮೆಲ್ಲಗೆ ಇಟ್ಟಳು.